ಕರೆಂಟು ಹೋಗಿ ಬಂದಮೇಲೆ ರೇಡಾರ್ (Radarr) ಆ್ಯಪ್‌ಗೆ ಸಿನಿಮಾಗಳೇ ಕಾಣಿಸ್ತಿಲ್ಲ

ಪ್ರಶ್ನೆ (ರಾಯಚೂರು):
ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, 32 ಜಿಬಿ ಎಸ್‌ಡಿ ಕಾರ್ಡ್, ಯುಎಸ್‌ಬಿಗೆ 4 ಟಿಬಿ ಹಾರ್ಡ್ ಡಿಸ್ಕ್. ರೇಡಾರ್, ಜೆಲ್ಲಿಫಿನ್ (ಸಿನಿಮಾಗಳನ್ನು ಟಿವಿಗೆ ಕಳಿಸುವ ಆ್ಯಪ್) ಎರಡೂ ಡಾಕರ್‌ನಲ್ಲಿವೆ (ಆ್ಯಪ್‌ಗಳನ್ನು ಕಂಟೇನರ್ ಎಂಬ ಬೇರೆಬೇರೆ ಪೆಟ್ಟಿಗೆಗಳಲ್ಲಿ ಓಡಿಸುವ ಸಾಫ್ಟ್‌ವೇರ್). ಅಪ್ಪನ ಹಳೇ ಡಿವಿಡಿಗಳನ್ನು ಒಂದೊಂದಾಗಿ ಫೈಲ್ ಮಾಡಿ ಹಾಕ್ತಿದ್ದೇನೆ. ಹೆಸರು, ಇಸವಿ ನೋಡಿ ಫೋಲ್ಡರಿಗೆ ಜೋಡಿಸುವ ಕೆಲಸ ರೇಡಾರ್‌ದು.

ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ಜೋರು ಗಾಳಿ ಬೀಸಿದರೆ ನಮ್ಮ ಓಣಿಯಲ್ಲಿ ಕತ್ತಲೆ. ಮೊನ್ನೆಯೂ ಹಾಗೇ ಆಯಿತು. ಕರೆಂಟು ಬಂದಮೇಲೆ ಮೂರು ಹೊಸ ಸಿನಿಮಾ ನೆಟ್‌ವರ್ಕ್ ಫೋಲ್ಡರಿಗೆ ಹಾಕಿದೆ. ಎಸ್‌ಡಿ ಕಾರ್ಡ್ ತುಂಬಿಹೋಯಿತು! ಡಿಸ್ಕ್ ಮೌಂಟ್ ಆಗಿರಲಿಲ್ಲ (ತನ್ನ ಫೋಲ್ಡರಿಗೆ ಜೋಡಣೆಯಾಗಿರಲಿಲ್ಲ), ಕೈಯಿಂದ ಮಾಡಿದೆ. ಈಗ ಟರ್ಮಿನಲ್‌ನಲ್ಲಿ ಎಲ್ಲಾ ಸಿನಿಮಾ ಕಾಣುತ್ತವೆ, ರೇಡಾರ್ ಮಾತ್ರ ರೂಟ್ ಫೋಲ್ಡರ್ (ಸಿನಿಮಾಗಳ ಮೂಲ ಫೋಲ್ಡರ್) ಇಲ್ಲ ಅಂತ ಕೆಂಪಗೆ ತೋರಿಸ್ತಿದೆ. ಹೊಸ ಮೂರೂ ಮಾಯ.

ಉತ್ತರ (ಸಿಂಧನೂರು):
ರೇಡಾರ್‌ನಲ್ಲಿರೋ ಪಟ್ಟಿ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿ, ಸರಿಹೋಗುತ್ತೆ.

ಉತ್ತರ (ಗಂಗಾವತಿ):
ಅಣ್ಣಾ, ಅಳಿಸೋದು ಬೇಡ. ಪಟ್ಟಿ ಸರಿಯಾಗೇ ಇದೆ, ರೇಡಾರ್ ನೋಡ್ತಿರೋ ಜಾಗ ತಪ್ಪು.

ಡಿಸ್ಕ್ ಏಳೋದಕ್ಕೆ ಮುಂಚೆ ಡಾಕರ್ ಎದ್ದುಬಿಟ್ಟಿದೆ. ಆ ಹೊತ್ತಿಗೆ ಮೌಂಟ್ ಆಗಬೇಕಾದ ಜಾಗದಲ್ಲಿ ಇದ್ದದ್ದು ಎಸ್‌ಡಿ ಕಾರ್ಡಿನ ಖಾಲಿ ಫೋಲ್ಡರ್. ಕಂಟೇನರ್ ಅದನ್ನೇ ಹಿಡಿದುಕೊಂಡಿದೆ. ಆಮೇಲೆ ನೀವು ಡಿಸ್ಕ್ ಮೌಂಟ್ ಮಾಡಿದರೂ ಓಡ್ತಿರೋ ಕಂಟೇನರಿಗೆ ಅದು ಗೊತ್ತಾಗಲ್ಲ. ನಿಮ್ಮ ಮೂರು ಸಿನಿಮಾನೂ ಆ ಖಾಲಿ ಫೋಲ್ಡರಿಗೇ ಹೋಗಿವೆ. ಈಗ ಅದರ ಮೇಲೆ ಡಿಸ್ಕ್ ಕೂತಿರೋದರಿಂದ ಕಾಣ್ತಿಲ್ಲ, ಅಷ್ಟೆ.

ಕಂಟೇನರುಗಳನ್ನೂ ನೆಟ್‌ವರ್ಕ್ ಶೇರನ್ನೂ ನಿಲ್ಲಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ, ಅದೇ ಫೋಲ್ಡರ್ ತೆರೆದು ನೋಡಿ. ಸಿಕ್ಕಿದ ಫೈಲುಗಳನ್ನು ಲ್ಯಾಪ್‌ಟಾಪಿಗೆ ತೆಗೆದಿಟ್ಟು ಫೋಲ್ಡರ್ ಖಾಲಿ ಮಾಡಿ. ಖಾಲಿ ಆದಮೇಲೆ ಅದಕ್ಕೆ ಚಾಟ್‌ಟ್ರ್ ಪ್ಲಸ್ ಐ (chattr +i) ಕಮಾಂಡ್ ಹಾಕಿ. ಮುಂದೆ ಡಿಸ್ಕ್ ಇಲ್ಲದಾಗ ಅಲ್ಲಿ ಯಾರೂ ಏನೂ ಬರೆಯೋಕಾಗಲ್ಲ, ಮೌಂಟ್‌ಗೆ ಮಾತ್ರ ಅಡ್ಡಿಯಿಲ್ಲ. ನನಗಿದು ಎರಡು ಕಾರ್ಡ್ ತುಂಬಿಸಿಕೊಂಡ ಮೇಲೆ ಬಂದ ಬುದ್ಧಿ.

ಎಫ್‌ಎಸ್‌ಟ್ಯಾಬ್‌ನಲ್ಲಿ (fstab, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಹೇಳೋ ಫೈಲ್) ಡಿಸ್ಕನ್ನ ಎಸ್‌ಡಿಎ1 ಅಂತ ಬರೆದಿದ್ದೀರಾ? ಆ ಹೆಸರು ಬೂಟ್‌ನಿಂದ ಬೂಟ್‌ಗೆ ಬದಲಾಗಬಹುದು. ಯುಯುಐಡಿ (ಡಿಸ್ಕಿನ ಬದಲಾಗದ ಗುರುತು) ಹಾಕಿ, ಜೊತೆಗೆ ನೋಫೇಲ್ (nofail, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಬಾರದು ಅಂತ). ಆದರೆ ನೋಫೇಲ್ ಇದ್ದರೆ ಬೂಟ್ ಡಿಸ್ಕಿಗೆ ಕಾಯಲ್ಲ. ಅದಕ್ಕೇ ಡಾಕರ್ ಸರ್ವಿಸಿಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ (RequiresMountsFor) ಅಂತ ಒಂದು ಸಾಲು ಸೇರಿಸಿ ನಿಮ್ಮ ಮೌಂಟ್ ಜಾಗ ಕೊಡಿ. ಡಿಸ್ಕ್ ಬರದಿದ್ದರೆ ಡಾಕರ್ ಏಳಲ್ಲ. ಅದೇ ಬೇಕಾಗಿರೋದು, ಅಲ್ವಾ?

ಸಿಂಧನೂರು:
ಸಾರಿ ಬ್ರದರ್, ನಾನೂ ಹೀಗೇ ಅಳಿಸಿ ಅಳಿಸಿ ಓಡಿಸ್ತಿದ್ದೆ. ನನ್ನದೂ ನೋಡ್ಕೋಬೇಕು.

ರಾಯಚೂರು:
ಮೂರೂ ಸಿಕ್ಕವು. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ1 ಅಂತಲೇ ಇತ್ತು, ಈಗ ಎಸ್‌ಡಿಬಿ1 ಆಗಿದೆ. ಎಲ್ಲಾ ಬದಲಾಯಿಸಿ, ಪೈ ಬಂದ್ ಮಾಡಿ, ಬೇಕಂತಲೇ ಡಿಸ್ಕಿನ ವೈರ್ ಕಿತ್ತು ಆನ್ ಮಾಡಿದೆ. ಒಂದೂವರೆ ನಿಮಿಷ ಕಾದು ಡಾಕರ್ ಸುಮ್ನೆ ಬಿದ್ದುಕೊಂಡಿತು. ವೈರ್ ಹಾಕಿ ಮತ್ತೆ ಆನ್ ಮಾಡಿದರೆ ಕೆಂಪು ಸೂಚನೆ ಇಲ್ಲ. ಅಪ್ಪ ಆಗಲೇ ರಿಮೋಟ್ ಹಿಡಿದು ಕೂತಿದ್ದಾರೆ.