ಅಂತರ್ಜಲ ಮಾಲಿನ್ಯದ ಕೆಲಸದಲ್ಲಿ ಇದ್ದವರು ಯಾರಾದರೂ ಇದ್ದೀರಾ?

ಪೆರ್ಲದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಈ ವರ್ಷ ಮುಗಿಯಿತು. ನಮ್ಮದು ಕಾಸರಗೋಡಿನ ಎಣ್ಮಕಜೆ ಪಂಚಾಯತು. ಎಂಡೋಸಲ್ಫಾನ್ ಎಂಬ ಗೇರು ತೋಟದ ಕೀಟನಾಶಕದ ಮಾತು ಕೇಳುತ್ತಲೇ ಬೆಳೆದವಳು ನಾನು. ಮನೆಗೆ ನೀರು ಸುರಂಗದ್ದು, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಅಜ್ಜ ತೋಡಿಸಿದ್ದು. ಅದು ಒಳ್ಳೆಯ ನೀರಾ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೇ ಇದನ್ನೇ ಓದೋಣ ಎಂಬ ಆಸೆ. ಅಪ್ಪ ಬಿಎಡ್ ಮಾಡು ಎನ್ನುತ್ತಾರೆ. ಈ ಕೆಲಸದಲ್ಲಿ ದಿನಾ ಏನು ಮಾಡುವುದು? ಇದರಲ್ಲಿ ಹೊಟ್ಟೆ ತುಂಬುತ್ತದಾ?

ಬದಿಯಡ್ಕ ಪೇಟೆ:
ಅಪ್ಪ ಹೇಳಿದ್ದು ಸರಿ ತಂಗಿ. ಬಿಎಡ್ ಇದ್ದರೆ ಊರಲ್ಲೇ ಎಲ್ಲಾದರೂ ಕನ್ನಡ ಶಾಲೆ ಸಿಗಬಹುದು. ನೀರು ನೋಡುವವರಿಗೆ ಯಾರು ಸಂಬಳ ಕೊಡುತ್ತಾರೆ? ಸುಮ್ನೆ ಹೇಳಿದೆ, ಬೇಜಾರು ಮಾಡಬೇಡ.

ಮುರಕಲ್ಲು:
ಕೊಡುತ್ತಾರೆ ಮಾರಾಯ್ರೇ. ನನಗೆ 31 ವರ್ಷ ಕೊಟ್ಟಿದ್ದಾರೆ. ಈಗ ನಿವೃತ್ತಿಯಾಗಿ ನೀರ್ಚಾಲಿನಲ್ಲಿ ಅಡಿಕೆ ಸುಲಿಸುತ್ತಾ ಕೂತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮಗಳೇ, ದಿನಾ ಮಾಡುವುದು ಏನು ಗೊತ್ತಾ? ಬಾಟ್ಲಿ ತುಂಬಿಸುವುದು. ನಗಬೇಡ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಮನೆಯ ಬೋರ್‌ವೆಲ್ ನೀರು ತಂದೆ. ಪಂಪಿನಿಂದ ಬೀಳುವಾಗ ಕನ್ನಡಿಯ ಹಾಗಿತ್ತು. ನಾಲ್ಕು ದಿನ ಬಿಟ್ಟು ಲ್ಯಾಬಿಗೆ ಕೊಟ್ಟೆ. ಕಬ್ಬಿಣ ಇಲ್ಲವೇ ಇಲ್ಲ ಎಂದು ರಿಪೋರ್ಟು ಬಂತು. ಆ ಮನೆಯ ಅಮ್ಮನಿಗೆ ಕಾಗದ ಕೊಟ್ಟೆ. ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಗಂಡನ ಬಿಳಿ ಮುಂಡು ತಂದು ಜಗಲಿಯಲ್ಲಿ ಹರವಿದರು. ಇಡೀ ಮುಂಡು ಇಟ್ಟಿಗೆ ಬಣ್ಣ. "ಹಾಗಾದರೆ ಇದು ಎಲ್ಲಿಂದ ಬಂತು ಸಾರ್?"

ವಾಪಸು ಬಂದು ಬಾಟ್ಲಿ ನೋಡಿದರೆ ತಳದಲ್ಲಿ ಕೆಂಪು ಮಡ್ಡಿ. ಆಳದಲ್ಲಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಲ್ಲಿ ಕರಗಿರುತ್ತದೆ. ಮೇಲೆ ಬಂದು ಗಾಳಿ ತಾಗಿದರೆ ತುಕ್ಕಾಗಿ ತಳ ಸೇರುತ್ತದೆ. ಆರ್ಸೆನಿಕ್ ಇದ್ದರೆ ಅದನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಲ್ಯಾಬಿನವರು ಮೇಲಿನ ತಿಳಿ ಅಳೆದು ಕೊಟ್ಟಿದ್ದರು, ತಪ್ಪು ಅವರದ್ದಲ್ಲ. ನಾನು ಅಲ್ಲೇ ಪಂಪಿನ ಹತ್ತಿರ ನಿಂತು ನೀರು ಸೋಸಿ, ನಾಲ್ಕು ಹನಿ ನೈಟ್ರಿಕ್ ಆಸಿಡ್ ಬಿಟ್ಟು, ಪಿಎಚ್ (ಹುಳಿಯ ಅಳತೆ) 2ಕ್ಕಿಂತ ಕೆಳಗೆ ತರಬೇಕಿತ್ತು, ಆಗ ಕಬ್ಬಿಣ ಕರಗಿಯೇ ಇರುತ್ತಿತ್ತು. ಸೋಮಾರಿತನ. ಆ ಮುಂಡು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಎಂಡೋಸಲ್ಫಾನ್. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಮದ್ದು ಬಿಡುವುದು 2000ದಲ್ಲಿ ನಿಂತಿತು, ಬಹುಶಃ ನೀನು ಹುಟ್ಟುವ ಮೊದಲೇ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಡೆಯಿತು. ಆ ಮದ್ದು ನೀರಲ್ಲಿ ಕರಗುವುದು ಬಹಳ ಕಡಿಮೆ. ಮಣ್ಣಿಗೆ, ತೋಡಿನ ಹೂಳಿಗೆ ಅಂಟಿ ಕೂರುತ್ತದೆ. ಅಲ್ಲೇ ನಿಧಾನಕ್ಕೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಮೂಲದ್ದಕ್ಕಿಂತ ಜಾಸ್ತಿ ದಿನ ಬಾಳುತ್ತದೆ. ಬೇಸಗೆಯಲ್ಲಿ ತಿಳಿನೀರು ಒಯ್ದವನಿಗೆ ಏನೂ ಸಿಗದಿರಬಹುದು. ಮೊದಲ ಮಳೆಯ ಕದಡು ನೀರು ಒಯ್ದವನಿಗೆ ಸಿಗಬಹುದು. ಇಬ್ಬರೂ ಸುಳ್ಳು ಹೇಳಿರುವುದಿಲ್ಲ. ನಿಮ್ಮ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಎಂದೆಯಲ್ಲ, ಮುಂದೆ ಯಾರಾದರೂ ಹೇಳಿದರೆ ಯಾವ ತಿಂಗಳ ನೀರು ಎಂದು ಕೇಳು. ಹೂಳನ್ನೂ ನೋಡಿದ್ದಾರಾ ಕೇಳು.

ಆದರೆ ನನ್ನ ಅನುಭವದಲ್ಲಿ ನಮ್ಮ ಕಡೆಯ ಬಾವಿಗಳಿಗೆ ದೊಡ್ಡ ಶತ್ರು ಕಕ್ಕಸು ಗುಂಡಿ. ಇದನ್ನು ಹೇಳಿದರೆ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಕೆನಡಾದಲ್ಲಿ ಜಾನ್ ಚೆರ್ರಿ ಎಂಬ ವಿಜ್ಞಾನಿ ಇದ್ದಾರೆ. ಅಂತರ್ಜಲ ಮಾಲಿನ್ಯದ ವಿಷಯದಲ್ಲೇ ಜೀವನ ಸವೆಸಿದವರು, 2020ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಿಕ್ಕಿದೆ. ಒಂಟಾರಿಯೋದ ಬೋರ್ಡನ್ ಸೇನಾ ನೆಲೆಯಲ್ಲಿ ಮರಳು ನೆಲ. 1982ರಲ್ಲಿ ಅವರ ವಾಟರ್‌ಲೂ ತಂಡ, ಸ್ಟ್ಯಾನ್‌ಫರ್ಡಿನವರು ಸೇರಿ ಅಲ್ಲಿ ಸುಮಾರು 12,000 ಲೀಟರ್ ನೀರಿಗೆ ಕ್ಲೋರೈಡ್, ಬ್ರೋಮೈಡ್ ಮತ್ತೆ ಕೆಲವು ರಾಸಾಯನಿಕ ಬೆರೆಸಿ ನೆಲದೊಳಗೆ ಬಿಟ್ಟರು. ಅದು ಎಲ್ಲಿಗೆ ಹೋಗುತ್ತದೆ ಎಂದು ಸಾವಿರಾರು ಕಡೆಯಿಂದ ನೀರು ತೆಗೆದು ಸುಮಾರು ಮೂರು ವರ್ಷ ಅದರ ಬೆನ್ನು ಹತ್ತಿದರು. ದಿನಕ್ಕೆ ಬರೀ 9 ಸೆಂಟಿಮೀಟರ್ ಹೋಗುತ್ತಿತ್ತು! ಕೆಲವು ರಾಸಾಯನಿಕ ಮರಳಿಗೆ ಅಂಟುತ್ತಾ ಇನ್ನೂ ಹಿಂದೆ ಬಿತ್ತು.

ಅದನ್ನು ಓದಿ ನನಗೂ ಹುಚ್ಚು ಹಿಡಿಯಿತು. ನಮ್ಮ ಮನೆಯ ಕಕ್ಕಸು ಗುಂಡಿಗೂ ಬಾವಿಗೂ 9 ಮೀಟರ್. ಕೇರಳದ ಕಟ್ಟಡ ನಿಯಮದಲ್ಲಿ 7.5 ಮೀಟರ್ ಇದ್ದರೆ ಸಾಕು. ಗುಂಡಿಯ ನೀರು ಬಾವಿಗೆ ಬರುತ್ತದಾ ನೋಡಲು ಗುಂಡಿಗೆ 10 ಕಿಲೋ ಉಪ್ಪು ಕರಗಿಸಿ ಹೊಯ್ದೆ. ದಿನಾ ಬೆಳಿಗ್ಗೆ ಒಂದು ಕೊಡಪಾನ ನೀರು ಸೇದಿ ಕಂಡಕ್ಟಿವಿಟಿ ಮೀಟರ್ (ನೀರಲ್ಲಿ ಉಪ್ಪು ಹೆಚ್ಚಿದರೆ ಮುಳ್ಳು ಏರುತ್ತದೆ) ಅದ್ದಿ ಬರೆದಿಡುತ್ತಿದ್ದೆ. ಬೋರ್ಡನ್ ಲೆಕ್ಕದಲ್ಲಾದರೆ ಮೂರು ತಿಂಗಳು ಕಾಯಬೇಕು. ಮೂರನೇ ಬೆಳಿಗ್ಗೆಯೇ ಮುಳ್ಳು ಏರಿತು! ನಮ್ಮ ನೆಲದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ನೋಡಿದ್ದೀಯಲ್ಲ, ಒಳಗೆಲ್ಲ ತೂತು. ನೀರಿಗೆ ಅದು ನಲ್ಲಿ ಪೈಪು ಇದ್ದ ಹಾಗೆ. ಹೆಂಡತಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಬೇರೆ ಕಡೆ ಹೊಸ ಗುಂಡಿ ತೋಡುವವರನ್ನು ಅವಳೇ ಕರೆಸಿದಳು.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಂಎಸ್ಸಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಮಂಗಳಗಂಗೋತ್ರಿ (ಮಂಗಳೂರು ವಿಶ್ವವಿದ್ಯಾಲಯ) ಎರಡನ್ನೂ ನೋಡು. ಕೇಂದ್ರ ಅಂತರ್ಜಲ ಮಂಡಳಿಗೆ ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ. ಕೆಮಿಸ್ಟ್ರಿಯವರಿಗೂ ಅದರಲ್ಲಿ ಜಾಗ ಉಂಟು. ಕೋಝಿಕ್ಕೋಡಿನಲ್ಲಿ ಜಲ ಸಂಪನ್ಮೂಲ ಕೇಂದ್ರವೂ ಇದೆ. ಮಲಯಾಳಂ ಬರಬೇಕು, ನಿನಗೆ ಬಂದೇ ಬರುತ್ತದೆ. ಸಂಬಳಕ್ಕೆ ತೊಂದರೆ ಇಲ್ಲ. ಬೆನ್ನು ಮಾತ್ರ ಗಟ್ಟಿ ಇರಲಿ, ನೀರು ತುಂಬಿದ ಬಾಟ್ಲಿ ಹೊರಬೇಕು.

ಮೊಗ್ರಾಲ್ ಕಡಲ ತೀರ:
ಸರ್, ನಡುವೆ ಬಂದೆ. ನಮ್ಮ ಬಾವಿ ಮೂರು ವರ್ಷದಿಂದ ಮಾರ್ಚ್ ಬಂದರೆ ಉಪ್ಪು. ಪಕ್ಕದವರು ಬೋರ್ ಹಾಕಿದ ಮೇಲೆ ಹೀಗೆ. ಜಗಳಕ್ಕೆ ಹೋಗಬಹುದಾ?

ಮುರಕಲ್ಲು:
ಜಗಳ ಆಮೇಲೆ. ಕಡಲ ಹತ್ತಿರ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ಇದ್ದರೆ, ಕೆಳಗೆ ಸುಮಾರು 40 ಮೀಟರ್ ಇರುತ್ತದೆ ಎಂಬುದು ಹಳೆಯ ಲೆಕ್ಕ. ಹಾಗಾಗಿ ಮೇಲೆ ಒಂದು ಗೇಣು ಇಳಿದರೂ ಅಡಿಯಿಂದ ಉಪ್ಪು ಎಷ್ಟೋ ಮೇಲೆ ಬರುತ್ತದೆ. ಬೋರ್ ಆಳ ಎಷ್ಟು, ದಿನಕ್ಕೆ ಎಷ್ಟು ಗಂಟೆ ಪಂಪು ಓಡುತ್ತದೆ ನೋಡಿ. ನಿಮ್ಮ ಪಂಪು ಎಷ್ಟು ಗಂಟೆ ಓಡುತ್ತದೆ ಎಂಬುದನ್ನೂ ಬರೆದಿಡಿ.

ಪೆರ್ಲದ ಹುಡುಗಿ:
ಮಾವ ಎಂದು ಕರೆಯುತ್ತೇನೆ, ಪರವಾಗಿಲ್ಲ ಅಲ್ವಾ? ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಮುಂಡಿನ ಕಥೆಗೆ ನಕ್ಕರು. ಉಪ್ಪಿನ ಕಥೆಗೆ ನಗಲಿಲ್ಲ. ನಮ್ಮ ಗುಂಡಿ ಸುರಂಗದ ಮೇಲಿನ ಗುಡ್ಡೆಯಲ್ಲೇ ಇದೆ. ಈಗ ಹಗ್ಗ ಹಿಡಿದು ಅಳೆಯಲು ಹೋಗಿದ್ದಾರೆ. ಆ ಮೀಟರಿಗೆ ಎಷ್ಟಾಗುತ್ತದೆ?

ಮುರಕಲ್ಲು:
ಕೊಳ್ಳಬೇಡ ಮಗಳೇ, ನನ್ನದೇ ಮೂಲೆಯಲ್ಲಿ ಬಿದ್ದಿದೆ. ಭಾನುವಾರ ಅಪ್ಪನ ಜೊತೆ ಬಂದು ತೆಗೆದುಕೊಂಡು ಹೋಗು. ಉಪ್ಪು ಹೊಯ್ಯುವ ಮೊದಲು ಒಂದು ವಾರ ಸುಮ್ನೆ ಸುರಂಗದ ನೀರು ಅಳೆದು ಬರೆದಿಡು. ನಾನು ಅದನ್ನು ಮಾಡಿರಲಿಲ್ಲ.