ಹಬ್ ಮೋಟಾರ್ ಚಕ್ರದ ಕಡ್ಡಿ ಪದೇ ಪದೇ ಮುರಿಯುತ್ತಿದೆ, ಏನು ಮಾಡಲಿ?

ಗಿಡದಗಾಡಿ, ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಹಳೇ ಸೈಕಲ್ ಫ್ರೇಮಿನ ಹಿಂಭಾಗ ಉದ್ದ ಮಾಡಿ, ವೆಲ್ಡಿಂಗ್ ಮಾಡಿಸಿ ಸಾಮಾನು ಸಾಗಿಸುವ ಸೈಕಲ್ ಕಟ್ಟಿಕೊಂಡಿದ್ದೇನೆ. ಹಿಂದೆ 250 ವ್ಯಾಟ್ ಹಬ್ ಮೋಟಾರ್ (ಚಕ್ರದ ನಡುವಿನ ಹಬ್ಬಿನೊಳಗೇ ಕೂರುವ ಮೋಟಾರ್), 26 ಇಂಚಿನ ರಿಮ್, 36 ಕಡ್ಡಿ. ನರ್ಸರಿಯಿಂದ ಮನೆಗಳಿಗೆ ಗಿಡದ ಕುಂಡ ಒಯ್ಯುತ್ತೇನೆ, ಒಂದು ಸಲಕ್ಕೆ 50-60 ಕೆಜಿ. ಎರಡು ತಿಂಗಳಲ್ಲಿ ಐದು ಕಡ್ಡಿ ಹೋದವು. ಒಂದು ಹಾಕಿಸಿ ಬೆಂಡ್ ತೆಗೆಸಿದರೆ ವಾರದಲ್ಲಿ ಪಕ್ಕದ್ದು ಮುರಿಯುತ್ತದೆ. ನಿನ್ನೆ ಕುಂಡಗಳ ಸಮೇತ ನಡುದಾರಿಯಲ್ಲಿ ನಿಂತೆ. ಭಾರ ಜಾಸ್ತಿ ಆಯ್ತಾ? 12 ಗೇಜ್ ದಪ್ಪ ಕಡ್ಡಿ ಹಾಕಿಸಲಾ?

ಚಕ್ರದವನು, ಧಾರವಾಡ:
ದಪ್ಪ ಕಡ್ಡಿಗೆ ದುಡ್ಡು ಹಾಕಬೇಡಿ, ತಡೀರಿ. ಮುರಿಯುವುದು ಹಬ್ ಹತ್ತಿರ ಬಗ್ಗಿದ ಜಾಗದಲ್ಲಾ, ರಿಮ್ಮಿನಲ್ಲಿ ಕಡ್ಡಿ ಬಿಗಿಯುವ ಸಣ್ಣ ನಟ್, ಅಂದರೆ ನಿಪ್ಪಲ್, ಅದರ ಹತ್ತಿರ ಥ್ರೆಡ್‌ನಲ್ಲಾ?

ಗಿಡದಗಾಡಿ:
ಐದೂ ಬಗ್ಗಿದ ಜಾಗದಲ್ಲೇ ಸಾರ್. ಈಗಿರುವುದು 14 ಗೇಜ್, 12ಕ್ಕಿಂತ ತೆಳು.

ಚಕ್ರದವನು:
ಹಾಗಾದರೆ ತಪ್ಪು ಭಾರದ್ದಲ್ಲ, ಬಿಗಿ ಸಾಲದು. ಚಕ್ರ ಉರುಳುವಾಗ ಕೆಳಗೆ ಬಂದ ಕಡ್ಡಿಯ ಬಿಗಿ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಮೊದಲೇ ಸಡಿಲ ಇದ್ದರೆ ಪ್ರತಿ ಸುತ್ತಿಗೂ ಪೂರ್ತಿ ಜೋಲು ಬೀಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಆಗುವುದು. 12 ಗೇಜ್ ಕಡ್ಡಿ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಭಾರ ಬಿದ್ದಾಗ ಇನ್ನೂ ಬೇಗ ಸಡಿಲ ಆಗುತ್ತದೆ. ಅದನ್ನು ಸರಿಯಾಗಿ ಬಿಗಿಯಲು ಹೋದರೆ ಸಾಧಾರಣ ರಿಮ್ ತೂತಿನ ಹತ್ತಿರ ಸೀಳುತ್ತದೆ.

ಇನ್ನೊಂದು ನೋಡಿ. ಎಷ್ಟೋ ಹಬ್ ಮೋಟಾರ್‌ಗಳ ತೂತು ದಪ್ಪ ಕಡ್ಡಿಗೆ ಅಂತ ಕೊರೆದಿರುತ್ತಾರೆ. 2 ಮಿಲಿಮೀಟರಿನ 14 ಗೇಜ್ ಅದರಲ್ಲಿ ಅಲ್ಲಾಡುತ್ತದೆ. ಕಡ್ಡಿಯ ತಲೆಯ ಕೆಳಗೆ ಸಣ್ಣ ಹಿತ್ತಾಳೆ ವಾಷರ್ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ. ಈ ವಾಷರ್ ಬಗ್ಗೆ ಯಾರೂ ಹೇಳುವುದೇ ಇಲ್ಲ, ನನಗೆ ಅದೇ ಬೇಜಾರು.

36 ಕಡ್ಡಿಯನ್ನೂ ಬದಲಿಸಿ. ಉಳಿದವೂ ಅಷ್ಟೇ ದಣಿದಿವೆ. ಡಬಲ್ ವಾಲ್ ರಿಮ್ (ಎರಡು ಪದರದ ಗಟ್ಟಿ ರಿಮ್) ಇಲ್ಲದಿದ್ದರೆ ಅದನ್ನೂ ಹಾಕಿಸಿ. ಹಬ್ ದೊಡ್ಡದಾದ್ದರಿಂದ ಒಂದೇ ಕ್ರಾಸ್ ಸಾಕು, ಅಂದರೆ ಪ್ರತಿ ಕಡ್ಡಿ ರಿಮ್ಮಿಗೆ ಹೋಗುವಾಗ ಅದೇ ಬದಿಯ ಇನ್ನೊಂದೇ ಕಡ್ಡಿಯನ್ನು ದಾಟಬೇಕು. ಮಾಮೂಲಿ ಸೈಕಲ್ಲಿನ ಹಾಗೆ ಮೂರು ಕ್ರಾಸ್ ಹಾಕಿದರೆ ಕಡ್ಡಿ ರಿಮ್ಮಿಗೆ ಓರೆಯಾಗಿ ಬಂದು ನಿಪ್ಪಲ್ ಹತ್ತಿರ ಮುರಿಯುತ್ತದೆ. ಬಿಗಿದ ಮೇಲೆ ಅಕ್ಕಪಕ್ಕದ ಎರಡೆರಡು ಕಡ್ಡಿ ಸೇರಿಸಿ ಕೈಯಲ್ಲಿ ಜೋರಾಗಿ ಹಿಂಡಿ, ಆಮೇಲೆ ಇನ್ನೊಮ್ಮೆ ಬೆಂಡ್ ನೋಡಿ.

ಗಿಡದಗಾಡಿ (ಮೂರು ವಾರದ ನಂತರ):
ಸಾರ್, 14 ಗೇಜಿನದೇ ಹೊಸ ಕಡ್ಡಿ, ವಾಷರ್, ಒಂದು ಕ್ರಾಸ್ ಹಾಕಿ ನಾನೇ ಕಟ್ಟಿದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಇದುವರೆಗೆ ಒಂದೂ ಮುರಿದಿಲ್ಲ. ಮೀಟಿದರೆ ಫ್ರೀವೀಲ್ (ಚೈನ್ ಕೂರುವ ಹಲ್ಲಿನ ಚಕ್ರ) ಕಡೆಯ ಕಡ್ಡಿಗಳ ಸದ್ದು ಏರು ಸ್ವರ, ಇನ್ನೊಂದು ಕಡೆ ಇಳಿ ಸ್ವರ. ಇದು ಸರಿನಾ?

ಚಕ್ರದವನು:
ಸರಿ. ಬಿಗಿ ಹೆಚ್ಚಿದಷ್ಟೂ ಸ್ವರ ಏರುತ್ತದೆ, ಹಿಂದಿನ ಚಕ್ರದಲ್ಲಿ ಫ್ರೀವೀಲ್ ಕಡೆ ಬಿಗಿ ಜಾಸ್ತಿ ಇರಲೇಬೇಕು. ಒಂದೇ ಬದಿಯ 18 ಕಡ್ಡಿಗಳ ಸದ್ದು ಒಂದೇ ಥರ ಇದೆಯಾ ಅಂತ ಮಾತ್ರ ತಿಂಗಳಿಗೊಮ್ಮೆ ಮೀಟಿ ನೋಡಿ.