ಪದಚರ್ಚೆ: ಯುವಿ ಬೆಳಕಿನ ‘ಕ್ಯೂರಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಪಿಯುಸಿ ಮಕ್ಕಳಿಗಾಗಿ, ಸಿಲಿಕಾನ್ ಪಾಲಿಮರ್‌ನಿಂದ ಸೆರಾಮಿಕ್ ಮಾಡುವ ಬಗೆಯನ್ನು ಬರೆಯುತ್ತಿದ್ದೇನೆ. ‘ಕ್ಯೂರಿಂಗ್’ ಹತ್ತಿರ ಬಂದು ನಿಂತಿದ್ದೇನೆ. ನಮ್ಮ ಕಡೆ ಕ್ಯೂರಿಂಗ್ ಅಂದರೆ ಹೊಸ ಆರ್‌ಸಿಸಿಗೆ ನೀರು ನಿಲ್ಲಿಸುವುದು. ಮಕ್ಕಳಿಗೂ ಮೊದಲು ಹೊಳೆಯುವುದು ಅದೇ.

ಇಲ್ಲಿ ನಡೆಯುವುದೇ ಬೇರೆ: ದ್ರವ ಪಾಲಿಮರ್ ಅನ್ನು ಸುಡುವ ಮೊದಲು ಬೆಳಕು ಬಿಟ್ಟು ಗಟ್ಟಿ ಮಾಡುವುದು. ಸಿಲೋಕ್ಸೇನ್ ಅಂದರೆ ಸಿಲಿಕಾನ್, ಆಮ್ಲಜನಕ ಒಂದಾದ ಮೇಲೊಂದು ಕೂತ ಸರಪಳಿ. ಅದಕ್ಕೆ ಜೋಡಿಬಂಧ ಇರುವ ವಿನೈಲ್ ಅಥವಾ ಅಕ್ರಿಲೇಟ್ ಗುಂಪು ಸೇರಿಸಿರುತ್ತಾರೆ, ಜೊತೆಗೆ ಚೂರು ಫೋಟೋಇನಿಷಿಯೇಟರ್, ಅಂದರೆ ಬೆಳಕು ಬಿದ್ದಾಗ ಕ್ರಿಯೆ ಶುರುಮಾಡುವ ವಸ್ತು. ನೇರಳಾತೀತ (ಯುವಿ) ಬೆಳಕು ಬಿದ್ದರೆ ಈ ಇನಿಷಿಯೇಟರ್ ಒಡೆದು ಫ್ರೀ ರ್‍ಯಾಡಿಕಲ್, ಅಂದರೆ ಒಂಟಿ ಎಲೆಕ್ಟ್ರಾನ್ ಇರುವ ಚುರುಕು ತುಣುಕು, ಹುಟ್ಟುತ್ತದೆ. ಅದು ಹೋಗಿ ಜೋಡಿಬಂಧವನ್ನು ಬಿಚ್ಚುತ್ತದೆ. ಬಿಚ್ಚಿದ ತುದಿ ಪಕ್ಕದ ಸರಪಳಿಯನ್ನು ಕಚ್ಚಿಕೊಳ್ಳುತ್ತದೆ. ತೆಳು ಪದರವಾದರೆ ಕೆಲವೇ ಸೆಕೆಂಡಿನಲ್ಲಿ ದ್ರವವೆಲ್ಲ ಸೇರಿ ಒಂದೇ ಬಲೆ. ಗಾಳಿಯ ಆಮ್ಲಜನಕ ರ್‍ಯಾಡಿಕಲ್‌ಗಳನ್ನು ನುಂಗುವುದರಿಂದ ಮೇಲ್ಮೈ ಮಾತ್ರ ಎಷ್ಟೋ ಸಲ ಅಂಟಂಟಾಗಿಯೇ ಉಳಿಯುತ್ತದೆ.

ಹಾಗಾಗಿ ‘ಒಣಗುವುದು’ ಸರಿಹೋಗದು, ಇಲ್ಲಿ ಏನೂ ಆರುವುದಿಲ್ಲ. ‘ಹರಳುಗಟ್ಟುವುದು’ ಇನ್ನೂ ತಪ್ಪು, ಹರಳೇ ಇಲ್ಲ. ಬರೀ ‘ಗಟ್ಟಿಯಾಗುವುದು’ ಸಾಲದು. ಅಚ್ಚು ಬೆಲ್ಲವೂ ಗಟ್ಟಿಯೇ, ಆದರೆ ಕಾಯಿಸಿದರೆ ಮತ್ತೆ ಪಾಕ. ಇದು ಹಾಗೆ ಕರಗಿಬಿಟ್ಟರೆ ಕೆಲಸ ಕೆಟ್ಟಿತು, ಯಾಕಂದರೆ ಮುಂದೆ ಇದನ್ನು ಸುಡಬೇಕು. 2016ರಲ್ಲಿ ಅಮೆರಿಕದ ಎಚ್‌ಆರ್‌ಎಲ್ ಲ್ಯಾಬೊರೇಟರೀಸ್‌ನವರು ಇಂಥ ರೆಸಿನ್‌ನಲ್ಲಿ (ಬೆಳಕಿಗೆ ಗಟ್ಟಿಯಾಗುವ ದ್ರವದಲ್ಲಿ) ಜಾಲರಿ 3ಡಿ ಪ್ರಿಂಟ್ ಮಾಡಿ, ಆರ್ಗಾನ್ ಅನಿಲದಲ್ಲಿ 1000 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರು. ಉದ್ದ ಅಗಲ ಎಲ್ಲ ಸುಮಾರು 30% ಕುಗ್ಗಿದವು. ಆಕಾರ ಕೆಡಲಿಲ್ಲ. ಬಲೆ ಹಿಡಿದಿಟ್ಟಿತ್ತು.

ಮೊಬೈಲ್ ಅಂಗಡಿ ಹುಡುಗರು ಯುವಿ ಗ್ಲಾಸ್ ಅಂಟಿಸುವಾಗ ‘ಲೈಟ್ ಹಿಡಿದ್ರೆ ಸೆಟ್ ಆಗುತ್ತೆ’ ಅನ್ನುತ್ತಾರೆ. ಮಾತಿಗೆ ಚೆನ್ನಾಗಿದೆ. ಆದರೆ ಸಿಮೆಂಟೂ ಸೆಟ್ ಆಗುತ್ತದೆ ಅಲ್ವಾ? ಪಾಠದಲ್ಲಿ ಮತ್ತೆ ಗೊಂದಲ.

ನನ್ನ ಮನಸ್ಸು ‘ಬಲೆಗಟ್ಟು’ ಕಡೆಗಿದೆ. ‘ರೆಸಿನ್ ಬೆಳಕಿಗೆ ಬಲೆಗಟ್ಟುತ್ತದೆ, ಆಮೇಲೆ ಸುಡುತ್ತೇವೆ.’ ಹೆಪ್ಪುಗಟ್ಟು, ಮಡುಗಟ್ಟು ಸಾಲಿಗೆ ಸಲೀಸಾಗಿ ಸೇರುತ್ತದೆ, ಒಳಗೆ ಏನಾಯಿತು ಅನ್ನುವುದನ್ನೂ ಹೇಳುತ್ತದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ‘ಜಾಲಗಟ್ಟು’ ವಾಸಿಯಾ?

ಸಾಗರ, ಸೊರಬದ ಕಡೆ ಕುಂಬಾರಿಕೆ ಬಲ್ಲವರು ಈ ಮೇಲಿಂಗ್ ಪಟ್ಟಿಯಲ್ಲಿದ್ದರೆ ಇನ್ನೊಂದು ಮಾತು. ಆಕಾರ ನಿಂತು, ಆವಿಗೆಗೆ ಇಡಲು ತಯಾರಾದ ಸುಡದ ಮಡಕೆಗೆ ನಿಮ್ಮಲ್ಲಿ ಬೇರೆ ಹೆಸರಿದೆಯಾ? ಬಲೆಗಟ್ಟಿದ, ಇನ್ನೂ ಸುಡದ ತುಂಡಿಗೂ ಅಂಥದ್ದೊಂದು ಹೆಸರು ಬೇಕಾಗಿದೆ.